ಮೊದಲು ಕವಚ, ಆಮೇಲೆ ಇಂಜಿನ್

ನಮ್ಮ ಮೀನುಗಾರರ ಊರು ಎಸ್ತಾನ್ಸಿಯಾದಲ್ಲಿ ಯಾರಾದರೂ ಹೊಸ ದೋಣಿ ಕಟ್ಟಿಸಿದರೆ ಜನ ಮೊದಲು ಕೇಳುವುದು ಇಂಜಿನ್ ಯಾವುದೆಂದು. ಹಲಗೆ ಯಾವ ಮರದ್ದು, ಬಲೆ ಹೊಸದೋ ಹಳೆಯದೋ, ಅದೆಲ್ಲ ಆಮೇಲೆ. ಮೀನು ಹಿಡಿದು ಮೊದಲು ಧಕ್ಕೆಗೆ ಬಂದವನಿಗೆ ಒಳ್ಳೆಯ ಗಿರಾಕಿ ಸಿಗುತ್ತಾನೆ, ತಡವಾಗಿ ಬಂದವನು ಐಸು ಕರಗುವುದನ್ನು ನೋಡುತ್ತಾ ಕೂರಬೇಕು. ಅದಕ್ಕೇ ಹಳೆಯ ಲಾರಿಗಳ ಇಂಜಿನ್ ಬಿಚ್ಚಿ ತಂದು ತೆಳ್ಳಗಿನ ದೋಣಿಗಳಿಗೆ ಕೂರಿಸುತ್ತಾರೆ. ಧಕ್ಕೆಯ ಮೇಲೆ ನಿಂತ ಹೆಂಗಸರು ದೂರದ ಸದ್ದು ಕೇಳಿಯೇ ಇದು ಯಾರ ಮನೆಯ ದೋಣಿ ಎಂದು ಹೇಳಬಲ್ಲರು.

ಕಪ್ ಗಾಸ್ಪರ್ ಅಂಥ ಸದ್ದಿನ ಕಾಲದ ಮನುಷ್ಯ. ದೊಡ್ಡ ದೋಣಿಯ ಕಪ್ತಾನರಾಗಿದ್ದವರು, ಅದಕ್ಕೇ ಊರೆಲ್ಲ ಇವತ್ತಿಗೂ ಕಪ್ ಎನ್ನುತ್ತದೆ. ಮೊಣಕಾಲು ಕೈಕೊಟ್ಟ ಮೇಲೆ ಕಡಲಿಗೆ ಇಳಿಯುವುದು ನಿಂತಿತು. ಈಗ ಬೇರೆಯವರ ಹರಿದ ಬಲೆ ಹೆಣೆಯುತ್ತಾರೆ. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಅಂಗಿಯಲ್ಲೇ ನಮ್ಮ ತಿಯಾ ಸೀಡಿಂಗಳ ಕಂಪ್ಯೂಟರ್ ಅಂಗಡಿಗೆ ಬರುತ್ತಾರೆ. ಪೆಟ್ಟಿಗೆಯ ಸೀಳಿನಲ್ಲಿ ಪೆಸೊ ನಾಣ್ಯ ಹಾಕಿದರೆ ಕಂಪ್ಯೂಟರ್ ಎದ್ದುಕೊಳ್ಳುತ್ತದೆ. ನಾಣ್ಯ ಮುಗಿದರೆ ಮಲಗುತ್ತದೆ.

ತಿಯಾ ಸೀಡಿಂಗ್ ನನ್ನ ಚಿಕ್ಕಮ್ಮ. ಎಂಟನೇ ತರಗತಿಯ ನಡುವೆ ಶಾಲೆ ಬಿಟ್ಟಾಗಿನಿಂದ ನಾನು ಇಲ್ಲೇ ಇದ್ದೇನೆ. ನೆಲ ಗುಡಿಸುತ್ತೇನೆ, ಚಿಲ್ಲರೆ ಕೊಡುತ್ತೇನೆ, ಆಡುವವರಿಗೆ ನೂಡಲ್ಸ್ ಬೇಯಿಸಿ ಕೊಡುತ್ತೇನೆ. ಬಟ್ಟಲು ಹಿಡಿದು ಎಲ್ಲರ ಕುರ್ಚಿಯ ಹಿಂದೆ ನಿಂತೂ ನಿಂತೂ ಎಲ್ಲರ ಆಟವೂ ನನಗೆ ಗೊತ್ತು. ಪರದೆಯ ಮೇಲಿನ ಇಂಗ್ಲಿಷ್ ಪದಗಳು ಗೊತ್ತಿರುವುದು ಮಾತ್ರ ಆಕಾರದಿಂದ. ಈ ಪದ ಬಂದರೆ ಹಡಗು ತುಂಬಿದೆ, ಈ ಪದ ಬಂದರೆ ಸಾಲದು ಎಂದರ್ಥ. ಬಾಯಿಬಿಟ್ಟು ಓದು ಎಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

ಕಪ್ ಆಡುವುದು ನಕ್ಷತ್ರಗಳ ನಡುವೆ ಹಡಗು ಓಡಿಸುವ ಆಟ. ಒಂದು ಬಂದರಿನಿಂದ ಸರಕು ತುಂಬಿ ಇನ್ನೊಂದು ಬಂದರಿಗೆ ಒಯ್ಯಬೇಕು. ನಡುವೆ ಕಳ್ಳರು ಬೀಳುತ್ತಾರೆ, ಹೊಡೆದಾಡಬೇಕು. ಈ ವಯಸ್ಸಿನಲ್ಲಿ ಅವರಿಗೆ ಆಟದ ಹುಚ್ಚೇನಲ್ಲ. ಅವರ ಮಗಳು ಮಾರಿಫೆ ತೈವಾನಿನ ಒಂದು ಕಾರ್ಖಾನೆಯಲ್ಲಿದ್ದಾಳೆ. ಭಾನುವಾರ ಅವಳಿಗೆ ರಜೆ, ಹಾಸ್ಟೆಲಿನ ಮಂಚದ ಮೇಲೆ ಕೂತು ಅವಳೂ ಇದೇ ಆಟ ಆಡುತ್ತಾಳೆ. ಮೊದಲು ಇವರಿಬ್ಬರು ಫೋನಿನಲ್ಲಿ ಮಾತಾಡುತ್ತಿದ್ದುದನ್ನು ನಾನು ಕೇಳಿದ್ದೇನೆ, ನಮ್ಮ ಅಂಗಡಿಯಿಂದಲೇ.

"ಊಟ ಆಯ್ತಾ?"

"ಆಯ್ತು ಪಾ. ನಿಂದು?"

"ಆಯ್ತು. ಅಲ್ಲಿ ಮಳೆನಾ?"

"ಇಲ್ಲ."

ಆಮೇಲೆ ಇಬ್ಬರೂ ಸುಮ್ಮನೆ. ಯಾರು ಮೊದಲು ಫೋನ್ ಇಡುತ್ತಾರೆ ಎಂದು ಇಬ್ಬರೂ ಕಾಯುವುದು. ಆಟ ಶುರುವಾದ ಮೇಲೆ ಹಾಗಲ್ಲ. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು ಕಪ್ ಅವರಿಗೆ ಆಗುವುದಿಲ್ಲ, ಸ್ಪೀಕರಿನಲ್ಲೇ ಆಡುತ್ತಾರೆ, ಅಂಗಡಿಗೆಲ್ಲ ಕೇಳಿಸುತ್ತದೆ. "ಪಾ, ಎಡಕ್ಕೆ ಬಾ, ಆ ಬಂಡೆ ನೋಡು." "ನೋಡಿದೆ ಕಣೇ, ನಂಗೇ ಬಂಡೆ ತೋರಿಸ್ತೀಯಾ? ನಿನ್ನ ವಯಸ್ಸಲ್ಲಿ ನಾನು ಕತ್ತಲೇಲಿ ಬಂಡೆ ವಾಸನೆ ಹಿಡೀತಿದ್ದೆ." "ಬಂಡೆಗೆ ವಾಸನೆ ಇರತ್ತಾ ಪಾ?" "ಇರತ್ತೆ. ಹಕ್ಕಿ ಹಿಕ್ಕೆದು." ಮಧ್ಯಾಹ್ನವಿಡೀ ಹೀಗೆ. ತನ್ನ ಕಾರ್ಖಾನೆಯ ಮೇಲ್ವಿಚಾರಕಿಯ ಕಥೆ, ಜೊತೆಯ ಹುಡುಗಿ ಅನ್ನ ಸೀಯಿಸಿದ ಕಥೆ, ಎಲ್ಲ ಆ ಬಂಡೆಗಳ ನಡುವೆ ಹೊರಗೆ ಬರುತ್ತಿತ್ತು.

ಮಾರಿಫೆ ಒಂದು ಅಗಲ ಹೊಟ್ಟೆಯ ಸರಕು ಹಡಗು ಕಟ್ಟಿಕೊಂಡಿದ್ದಳು. ಕಪ್ ಅವರದು ಆಟಕ್ಕೆ ಹೊಸದಾಗಿ ಸೇರಿದವರಿಗೆ ಕೊಡುವ ಪುಟ್ಟ ಕಾವಲು ಹಡಗು. ಇಂಜಿನ್, ಕರೆಂಟಿನಿಂದ ಹೊತ್ತಿಕೊಂಡು ಗುಂಡು ತಡೆಯುವ ಬೆಳಕಿನ ಕವಚ, ಹೀಗೆ ಅದರಲ್ಲಿ ಒಂದೊಂದೇ ಭಾಗವನ್ನು ಬದಲಾಯಿಸಿ ಬಲಪಡಿಸಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಆಟದ ಅರ್ಧ. ಒಂದು ವಾರ ಮಾರಿಫೆ ನನಗೆ ಸಂದೇಶ ಕಳಿಸಿದಳು.

"ಆರ್ಲಿನ್, ಅಪ್ಪನ ಹಡಗಿಗೆ ಮೊದಲು ದೊಡ್ಡ ಕವಚ ಹಾಕಿಸು. ಆಮೇಲೆ ಕರೆಂಟಿನ ಪೆಟ್ಟಿಗೆ. ಇಂಜಿನ್ ಎಲ್ಲಾದಕ್ಕಿಂತ ಕೊನೆಗೆ. ಭಾನುವಾರ ನಾನು ಇರೋದನ್ನೆಲ್ಲ ತುಂಬಿಕೊಂಡು ಹೊರಡ್ತೀನಿ. ಕಳ್ಳರು ಬಂದ್ರೆ ಅಪ್ಪ ನಡುವೆ ನಿಂತು ಏಟು ತಡ್ಕೋಬೇಕು, ನಾನು ಒಳಗಿನ ಬಂದರಿನ ಬಾಗಿಲು ದಾಟೋವರೆಗೆ ಮಾತ್ರ. ಅಪ್ಪಂಗೆ ಇಂಜಿನ್ ಹುಚ್ಚು ಅಂತ ನಿಂಗೂ ಗೊತ್ತು. ನೀನು ಪಕ್ಕದಲ್ಲಿರು."

ಇರುತ್ತೇನೆ ಎಂದು ಬರೆದೆ.

ಶನಿವಾರ ಮಧ್ಯಾಹ್ನ ಕಪ್ ಬಂದರು. ಅದೇ ಹೊತ್ತಿಗೆ ಐಸ್ ಕಾರ್ಖಾನೆಯ ಟಾನ್ಯೋ, ಟ್ರೈಸಿಕಲ್ ಓಡಿಸುವ ರುಫೋ ಇಬ್ಬರೂ ಅಂಗಡಿಯಲ್ಲಿದ್ದರು. ಅವರ ಹಿಂದೆ ಇನ್ನೂ ಕೆಲವರು. ಇವರು ಆಡುವುದಕ್ಕಿಂತ ಆಡುವವರ ಹಿಂದೆ ನಿಂತು ಚುಡಾಯಿಸುವುದೇ ಹೆಚ್ಚು. ಕೋಳಿ ಅಂಕದಲ್ಲಿ ಸುತ್ತ ನಿಂತ ಹಾಗೆ ನಿಲ್ಲುತ್ತಾರೆ.

"ದೈ, ಬಾ ಇಲ್ಲಿ," ಎಂದರು ಕಪ್. ನಮ್ಮಲ್ಲಿ ಚಿಕ್ಕ ಹುಡುಗಿಯರನ್ನು ಹಾಗೇ ಕರೆಯುವುದು. "ಆ ಕವಚ ಎಲ್ಲಿದೆ, ತೋರ್ಸು."

ನಾನು ಕವಚಗಳ ಪುಟ ತೆರೆದೆ. ಟಾನ್ಯೋ ಬಗ್ಗಿ ನೋಡಿದ.

"ಏನ್ ಕಪ್ ಇದು? ಮಗಳಿಗೆ ಛತ್ರಿ ಹಿಡಿಯೋ ಕೆಲಸಾನಾ ಈಗ?"

"ಛತ್ರಿ ಅಲ್ವೋ, ಕವಚ."

"ಎರಡೂ ಒಂದೇ ಬಿಡಿ. ಮಳೆ ಬಂದ್ರೆ ಅವಳು ಒಳಗೆ, ನೀವು ಹೊರಗೆ."

ರುಫೋ ಕೈಯನ್ನು ಎದೆಯ ಮೇಲಿಟ್ಟುಕೊಂಡ. "ಅಯ್ಯೋ ನಮ್ಮ ಕಪ್! ಆ ತುಫಾನಿನ ದಿನ ದೋಣಿ ಓಡಿಸಿ ಎಲ್ರಿಗಿಂತ ಮೊದಲು ಧಕ್ಕೆ ಮುಟ್ಟಿದವರು. ಈಗ ನೋಡ್ರೋ, ಮಗಳು ಬಾ ಅಂದ್ರೆ ಬರ್ತಾರೆ, ನಿಲ್ಲು ಅಂದ್ರೆ ನಿಲ್ತಾರೆ."

"ಮಗಳೇ ಕಪ್ತಾನ ಕಣೋ. ಇವರು ಅಡುಗೆ ಭಟ್ಟರು," ಎಂದ ಟಾನ್ಯೋ.

"ಕಪ್, ನಾಳೆ ಏನ್ ಅಡುಗೆ?" ಎಂದು ಹಿಂದಿನಿಂದ ಯಾರೋ ಕೂಗಿದರು.

ಎಲ್ಲರೂ ನಕ್ಕರು. ಕಪ್ ಕೂಡ ನಕ್ಕರು. ಚುಡಾಯಿಸಿದಾಗ ನಗದಿದ್ದರೆ ಇನ್ನೂ ಚುಡಾಯಿಸುತ್ತಾರೆ, ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನು ಅವರ ಕಿವಿಗಳನ್ನು ನೋಡುತ್ತಿದ್ದೆ. ಕಿವಿ ಎರಡೂ ಕೆಂಪಾಗಿದ್ದವು.

"ದೈ," ಎಂದರು, "ಇಂಜಿನ್ ಪುಟ ತೆಗಿ."

"ನೋಂಗ್, ಮಾರಿಫೆ ಹೇಳಿದ್ದು..." ಎಂದೆ. ದೊಡ್ಡವರನ್ನು ನೋಂಗ್ ಎನ್ನುತ್ತೇವೆ. ಆ ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ.

"ಏನಂದೆ?"

ಅಷ್ಟೂ ಜನ ತಿರುಗಿ ನನ್ನನ್ನು ನೋಡಿದರು. ಟಾನ್ಯೋ ಕಿವಿಗೆ ಕೈ ಒಡ್ಡಿ, "ಸೊಳ್ಳೆ ಏನೋ ಅಂತಿದೆ," ಎಂದ.

"ಏನಿಲ್ಲ," ಎಂದೆ.

ಇಂಜಿನ್‌ಗಳ ಪುಟ ತೆರೆದೆ. ಇದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡದರ ಮೇಲೆ ಕಪ್ ಬೆರಳಿಟ್ಟರು. ನಾನು ಒತ್ತಿದೆ. ಇಂಜಿನ್ ಕೂತಿತು. ಕೂತ ಕೂಡಲೇ ಪಕ್ಕದಲ್ಲಿದ್ದ ಹಳೆಯ ಪುಟ್ಟ ಕವಚದ ಗುರುತು ಕೆಂಪಾಯಿತು, ಅದರ ಕೆಳಗೆ ಆ ಪದ ಬಂತು. ಸಾಲದು ಎನ್ನುವ ಪದ. ಆ ಚಿಕ್ಕ ಹಡಗಿನಲ್ಲಿ ಇರುವ ಕರೆಂಟನ್ನೆಲ್ಲ ಇಂಜಿನ್ನೇ ಕುಡಿದುಬಿಟ್ಟಿತ್ತು. ಹೊಸ ಕವಚದ ಮಾತು ಹಾಗಿರಲಿ, ಇದ್ದ ಕವಚವೂ ಇನ್ನು ಹೊತ್ತಿಕೊಳ್ಳುವುದಿಲ್ಲ.

ಕಪ್ ಕಣ್ಣು ಕಿರಿದು ಮಾಡಿ ಪರದೆಗೆ ಮುಖ ತಂದರು. "ಆ ಕೆಂಪು ಏನು?"

ಕೇಳಿದ್ದು ನನ್ನನ್ನು. ಉತ್ತರ ನನ್ನ ಬಾಯಲ್ಲೇ ಇತ್ತು. ಅಷ್ಟರಲ್ಲಿ ಟಾನ್ಯೋ, "ಇಂಜಿನ್ ಬಿಸಿ ಆಗಿದೆ ಕಪ್! ಬೆಂಕಿ ಅದು, ಬೆಂಕಿ!" ಎಂದ. ಎಲ್ಲರೂ ಹೋ ಎಂದು ನಕ್ಕರು. ಕಪ್ ಅವರ ಮುಖ ಅರಳಿತು.

ನಾನೂ ನಕ್ಕೆ.

ಭಾನುವಾರ ಅಂಗಡಿ ತುಂಬಿತ್ತು. ಪಕ್ಕದ ಮನೆಯಲ್ಲಿ ಯಾರೋ ಮೈಕ್ ಹಿಡಿದು ಹಾಡುತ್ತಿದ್ದರು. ಮಾರಿಫೆಯ ಹಡಗು ಗಣಿಯ ಬಂದರಿನಿಂದ ನಿಧಾನಕ್ಕೆ ಹೊರಬಂತು. ಆಟಕ್ಕೆ ಸೇರಿದಾಗಿನಿಂದ ಕೂಡಿಸಿದ್ದನ್ನೆಲ್ಲ ಕೊಟ್ಟು ಔಷಧಿಯ ಪೆಟ್ಟಿಗೆಗಳನ್ನು ತುಂಬಿಕೊಂಡಿದ್ದಳು. ಒಳಗಿನ ಬಂದರು ಮುಟ್ಟಿಸಿದರೆ ಇಬ್ಬರಿಗೂ ಒಳ್ಳೆಯ ಹಡಗುಗಳಾಗುತ್ತಿದ್ದವು.

"ಪಾ, ನಾನು ಬಸುರಿ ಎಮ್ಮೆ ಥರ ಹೋಗ್ತೀನಿ. ನನ್ನ ಪಕ್ಕ ಬಿಡಬೇಡ."

"ನಾನಿದೀನಲ್ಲ."

"ಕವಚ ಹಾಕಿದೀಯಲ್ಲ?"

ಕಪ್ ಹಡಗಿನ ಮೂಗನ್ನು ಸರಿಮಾಡಿದರು. "ಹ್ಞೂಂ."

ನಾನು ನೂಡಲ್ಸ್ ಬಟ್ಟಲು ಹಿಡಿದು ಅವರ ಹಿಂದೆ ನಿಂತಿದ್ದೆ. ಬಟ್ಟಲು ಬೇರೆಯವರದು, ಅವರು ಆಗಲೇ ಎರಡು ಸಲ ಕೂಗಿದ್ದರು.

ಮೊದಲು ಎಲ್ಲ ಸರಿ ಇತ್ತು. ಕಪ್ ಇಂಜಿನ್ನನ್ನು ತಡೆದು ತಡೆದು ಮಗಳ ಪಕ್ಕದಲ್ಲೇ ಹೋದರು. ಪರದೆಯಲ್ಲಿ ಅವಳದು ದೊಡ್ಡ ನೀಲಿ ಚುಕ್ಕೆ, ಇವರದು ಚಿಕ್ಕದು. ಒಡೆದ ಬಂಡೆಗಳ ಜಾಗ ಬಂತು. ಅದನ್ನು ದಾಟಿದರೆ ದೂರದಲ್ಲಿ ಬೆಳ್ಳಗೆ ಹೊಳೆಯುವ ಬಾಗಿಲು. ಬಂಡೆಗಳ ಹಿಂದಿನಿಂದ ಕೆಂಪು ಚುಕ್ಕೆಗಳು ಹೊರಬಂದವು.

"ಪಾ, ಬಂದ್ರು. ನಡುವೆ ಬಾ, ನಡುವೆ."

ಕಪ್ ಹಡಗನ್ನು ತಿರುಗಿಸಿದರು. ಮೊದಲ ಗುಂಡು ನೇರ ಮೈಗೆ ತಾಗಿತು. ಕವಚವಿದ್ದರೆ ನೀಲಿ ಬೆಳಕು ಮಿನುಗಬೇಕಿತ್ತು, ಮಿನುಗಲಿಲ್ಲ. ಪರದೆ ನಡುಗಿತು. ಆಮೇಲೆ ಅವರ ಕೈ ಯೋಚಿಸಲಿಲ್ಲ ಎಂದು ನನಗನ್ನಿಸುತ್ತದೆ. ತುಫಾನಿನಲ್ಲಿ ಏನು ಮಾಡಿ ರೂಢಿಯಿತ್ತೋ ಅದನ್ನು ಮಾಡಿತು. ಮೂಗನ್ನು ಬಾಗಿಲಿನ ಕಡೆಗೆ ತಿರುಗಿಸಿ ಇಂಜಿನ್ನನ್ನು ಪೂರ್ತಿ ಬಿಟ್ಟರು.

ಹಡಗು ಜಿಗಿಯಿತು. ಹಿಂದೆ ನಿಂತವರೆಲ್ಲ ಒಮ್ಮೆಲೇ ಕೂಗಿದರು.

"ಬಿಡಿ ಕಪ್, ಬಿಡಿ!"

"ಮೊದಲು ಧಕ್ಕೆ! ಮೊದಲು ಧಕ್ಕೆ!" ರುಫೋ ಕುರ್ಚಿಯ ಬೆನ್ನಿಗೆ ಬಡಿಯುತ್ತಿದ್ದ.

ಬಂಡೆಗಳು ಎರಡೂ ಕಡೆಯಿಂದ ಗೆರೆಗಳಾಗಿ ಹಿಂದೆ ಹೋದವು. ಕಪ್ ಮುಂದಕ್ಕೆ ಬಾಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಎಷ್ಟೋ ವರ್ಷ ಚಿಕ್ಕವರ ಹಾಗೆ ಕಾಣುತ್ತಿದ್ದರು. ಕೆಂಪು ಚುಕ್ಕೆಗಳಲ್ಲಿ ಒಂದಕ್ಕೂ ಅವರನ್ನು ಮುಟ್ಟಲಾಗಲಿಲ್ಲ. ಬೆಳ್ಳಗಿನ ಬಾಗಿಲು ದೊಡ್ಡದಾಯಿತು, ಹಡಗನ್ನು ನುಂಗಿತು. ಅಂಗಡಿ ಹಾರಿಹೋಗುವ ಹಾಗೆ ಚಪ್ಪಾಳೆ. ಟಾನ್ಯೋ ಅವರ ಹೆಗಲು ಹಿಡಿದು ಅಲುಗಾಡಿಸಿದ.

ಆ ಗದ್ದಲದೊಳಗೆ ಸ್ಪೀಕರಿನಿಂದ ಸಣ್ಣಗೆ ಕೇಳಿತು.

"ಪಾ. ನಂದು ಹೋಯ್ತು."

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಉಳಿದು ನಿಂತಿತು. ಪರದೆಯಲ್ಲಿ ದೊಡ್ಡ ನೀಲಿ ಚುಕ್ಕೆ ಇರಲಿಲ್ಲ.

"ಎಲ್ಲಾ ಹೋಯ್ತಾ?" ಎಂದರು ಕಪ್.

"ಎಲ್ಲಾ." ಸ್ವಲ್ಪ ತಡೆದು, "ಪಾ, ನಿನ್ನ ಕವಚ ಹೊತ್ಕೊಳ್ಳಲೇ ಇಲ್ವಲ್ಲ?"

ಕಪ್ ಪರದೆ ನೋಡಿದರು. ಟಾನ್ಯೋನನ್ನು ನೋಡಿದರು, ರುಫೋನನ್ನು ನೋಡಿದರು. ಕೊನೆಗೆ ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು.

"ಈ ಹುಡುಗಿ ಏನೋ ತಪ್ಪು ಒತ್ತಿಬಿಟ್ಟಿದಾಳೆ," ಎಂದರು. "ಓದೋಕೆ ಬರಲ್ಲ ಅಂತ ಮೊದ್ಲೇ ಹೇಳ್ಬಾರ್ದಾ?"

ನೆಲ ಬಾಯಿ ಬಿಟ್ಟಿದ್ದರೆ ಬಟ್ಟಲಿನ ಸಮೇತ ಇಳಿದುಬಿಡುತ್ತಿದ್ದೆ. ಹತ್ತಿರದವನೊಬ್ಬ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡ, ನೂಡಲ್ಸ್ ಅವನದೇ ಆಗಿತ್ತು. "ತಣ್ಣಗಾಗಿದೆ," ಎಂದ.

"ಪರ್ವಾಗಿಲ್ಲ ಪಾ," ಎಂದಳು ಮಾರಿಫೆ. "ಆರ್ಲಿನ್‌ಗೆ ಬೈಬೇಡ."

ಆ ವಾರವೆಲ್ಲ ತಿಯಾ ಸೀಡಿಂಗ್ ಬೈದಳು. "ಬರಲ್ಲ ಅಂದ್ಮೇಲೆ ಯಾಕೆ ಮುಟ್ಟೋದು? ಗಿರಾಕಿ ಸಾಮಾನು ಅದು. ಬಾಯಿ ಇಲ್ವಾ ನಿಂಗೆ, ಗೊತ್ತಿಲ್ಲ ನೋಂಗ್ ಅನ್ನೋಕೆ?" ನಾನು ಪಾತ್ರೆ ತೊಳೆಯುತ್ತಿದ್ದೆ. ತಪ್ಪು ಒತ್ತಿರಲಿಲ್ಲ, ಅದೊಂದು ಸುಳ್ಳು. ಆದರೆ ಆ ಸುಳ್ಳನ್ನು ಕಿತ್ತರೆ ಅದರ ಬುಡದಲ್ಲಿರುವ ನನ್ನ ತಪ್ಪೂ ಹೊರಗೆ ಬರುತ್ತದೆ. ಹಾಗಾಗಿ ಬೈಗುಳ ತಿನ್ನುವುದು ಸುಲಭವೆನಿಸಿತು. ಒಂದು ಥರ ಹಾಯೆನಿಸುತ್ತಲೂ ಇತ್ತು, ಅದನ್ನು ನೆನೆದರೆ ಈಗ ಮೈ ಹಿಡಿಯಷ್ಟಾಗುತ್ತದೆ.

ಬುಧವಾರ ರುಫೋ ಟ್ರೈಸಿಕಲ್ ನಿಲ್ಲಿಸಿ ಒಂದು ಕಟ್ಟು ಒಣಗಿಸಿದ ಬೊಂಡಾಸು ಮೀನು ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

"ಕಪ್ ಕಳಿಸಿದ್ದು. ದೈಗೆ."

"ಯಾಕಂತೆ?" ಎಂದಳು ತಿಯಾ.

"ಹೇಳಿಲ್ಲ. ನಾನೂ ಕೇಳಿಲ್ಲ."

ಕೇಳಬೇಕಾದ್ದೇನೂ ಇರಲಿಲ್ಲ. ನಮ್ಮ ಊರಿನಲ್ಲಿ ತಪ್ಪಾಯಿತು ಎಂದು ಯಾರೂ ಬಾಯಲ್ಲಿ ಹೇಳುವುದಿಲ್ಲ, ಅದು ಒಣಮೀನಾಗಿಯೋ ಬಾಳೆಗೊನೆಯಾಗಿಯೋ ಬಾಗಿಲಿಗೆ ಬರುತ್ತದೆ. ತೆಗೆದುಕೊಂಡು ತಿಂದರೆ ಅಲ್ಲಿಗೆ ಮುಗಿಯಿತು. ತಿಯಾ ಕಟ್ಟನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಆ ದಿನ ಬೈಯಲಿಲ್ಲ. ರಾತ್ರಿಯ ಅನ್ನಕ್ಕೆ ಹುರಿದು ಬಡಿಸಿದಳು. ನಾನು ನನ್ನ ಪಾಲನ್ನು ತಟ್ಟೆಯ ಅಂಚಿಗೆ ಸರಿಸಿದೆ. ತಪ್ಪಿಲ್ಲದವಳಿಗೆ ಎಂದು ಕಳಿಸಿದ ತಿನಿಸು ಅದು.

ಮರುದಿನ ಮಾರಿಫೆಯ ಸಂದೇಶ ಬಂತು. "ಆರ್ಲಿನ್, ಅಪ್ಪ ಫೋನ್ ತೆಗೀತಿಲ್ಲ. ನಾನೇ ಬಲವಂತ ಮಾಡಿ ಆಡಿಸ್ತಿದ್ದೆ ಅನ್ಸತ್ತೆ. ಅವರಿಗೆ ಇಷ್ಟ ಇರ್ಲಿಲ್ವೇನೋ. ಈ ಭಾನುವಾರ ಒಂದು ಸಲ ಆಟಕ್ಕೆ ಬಂದು ನೋಡ್ತೀನಿ. ಅಪ್ಪ ಬರದೇ ಇದ್ರೆ ಆಟ ತೆಗೆದುಬಿಡ್ತೀನಿ. ಫೋನಲ್ಲಿ ಮಾತಾಡಿದ್ರೆ ಆಯ್ತು. ಅಪ್ಪಂಗೆ ಹೇಳು."

ಊಟ ಆಯ್ತಾ. ಆಯ್ತು. ಮಳೆನಾ. ಇಲ್ಲ. ನನಗೆ ಆ ಫೋನಿನ ಮೌನ ನೆನಪಾಯಿತು. ಉತ್ತರ ಬರೆಯಲು ಕೂತು ಬರೆದು ಅಳಿಸಿದೆ, ಬರೆದು ಅಳಿಸಿದೆ. ಕೊನೆಗೆ ಹೇಳ್ತೀನಿ ಎಂದಷ್ಟೇ ಬರೆದೆ.

ಸಂಜೆ ಧಕ್ಕೆಗೆ ಹೋದೆ. ಕಪ್ ಗೋಡೆಗೊರಗಿ, ಕೆಟ್ಟ ಮೊಣಕಾಲನ್ನು ಚಾಚಿ, ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹೆಣೆಯುತ್ತಿದ್ದರು. ನನ್ನನ್ನು ಕಂಡು ಬಲೆಯ ಕಡೆ ಇನ್ನಷ್ಟು ಬಗ್ಗಿದರು. ಮಾರಿಫೆ ಹೇಳಿದ್ದನ್ನು ಹೇಳಿದೆ.

"ಮೊಣಕಾಲು ನೋಯ್ತಿದೆ," ಎಂದರು. "ಅಷ್ಟು ಹೊತ್ತು ಕೂರೋಕಾಗಲ್ಲ ಅಂತ ಹೇಳ್ಬಿಡು."

"ಹ್ಞೂಂ ನೋಂಗ್."

"ಬೊಂಡಾಸು ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

ಇಬ್ಬರೂ ಆ ಬಲೆಯನ್ನೇ ನೋಡಿದೆವು. ಅದರ ತೂತು ಅಷ್ಟೇನೂ ದೊಡ್ಡದಿರಲಿಲ್ಲ. ನಾನು ತಿರುಗಿ ಬಂದೆ.

ಭಾನುವಾರ ಪೂಜೆ ಮುಗಿದ ಗಂಟೆ ಹೊಡೆದು ಬಹಳ ಹೊತ್ತಾಯಿತು. ಕಪ್ ಅವರ ಕುರ್ಚಿ ಖಾಲಿ ಇತ್ತು. ನಾನು ನನ್ನದೇ ಒಂದು ನಾಣ್ಯ ಹಾಕಿ ಅವರ ಕಂಪ್ಯೂಟರನ್ನು ಎಬ್ಬಿಸಿದೆ. ಒಳಗಿನ ಬಂದರಿನಲ್ಲಿ ಒಂದು ಪುಟ್ಟ ನೀಲಿ ಚುಕ್ಕೆ. ಎಲ್ಲ ಕಳೆದುಕೊಂಡವರಿಗೆ ಆಟದವರು ಪುಕ್ಕಟೆ ಕೊಡುವ ಬೋಳು ಹಡಗು. ಮಾರಿಫೆ ಅದರೊಳಗೆ ಕೂತು ಎಲ್ಲಿಗೂ ಹೋಗದೆ ಕಾಯುತ್ತಿದ್ದಳು.

ತಲೆಯೆತ್ತಿದಾಗ ಕಪ್ ಹೊರಗೆ ತಗಡಿನ ಮಾಡಿನ ಕೆಳಗೆ ನಿಂತಿದ್ದರು. ಟೋಪಿ ಕೈಯಲ್ಲಿತ್ತು. ಒಳಗೂ ಬರುತ್ತಿಲ್ಲ, ಹೋಗುತ್ತಲೂ ಇಲ್ಲ. ಟಾನ್ಯೋ ನೋಡಿಬಿಟ್ಟ.

"ಓ ಕಪ್! ಇವತ್ತು ಯಾರನ್ನ ಹಿಂದೆ ಬಿಟ್ಟು ಓಡ್ತೀರಾ?"

ನಗು. ಕಪ್ ಈ ಸಲ ನಗಲಿಲ್ಲ. ಟೋಪಿಯನ್ನು ತಲೆಗೇರಿಸಿದರು, ಹೊರಟೇಬಿಟ್ಟರು ಎಂದುಕೊಂಡೆ. ಅವರು ಒಳಗೆ ಬಂದರು. ಕುಂಟುತ್ತಾ ಎಲ್ಲರ ನಡುವೆ ಹಾದು ಬಂದು ಕೂತರು.

"ಮಾರಿಫೆ," ಎಂದರು ಸ್ಪೀಕರಿಗೆ.

"ಪಾ! ಬಂದ್ಯಾ? ಕಾಲು ನೋವು ಹೇಗಿದೆ?"

"ಕಾಲಿಗೇನೂ ಆಗಿಲ್ಲ."

ಫೋನಿನ ಆ ಮೌನವೇ ಬಂದು ಕೂತ ಹಾಗಿತ್ತು.

"ಕವಚ ಹಾಕಿಸಿರ್ಲಿಲ್ಲ ಕಣೇ," ಎಂದರು ಕಪ್. "ಇಂಜಿನ್ ಹಾಕಿಸ್ದೆ. ದೈ ತಪ್ಪು ಒತ್ತಲಿಲ್ಲ, ನಾನೇ ಒತ್ತಿಸಿದ್ದು. ಇವರೆಲ್ಲ ಕೂಗ್ತಾ ಇದ್ರು. ನಂಗೆ ಚೆನ್ನಾಗನ್ನಿಸ್ತು. ಹಿಂದಕ್ಕೆ ತಿರುಗಿ ನೋಡ್ಲಿಲ್ಲ."

ಟಾನ್ಯೋ ತನ್ನ ಚಪ್ಪಲಿಯನ್ನು ನೋಡಿಕೊಳ್ಳುತ್ತಿದ್ದ.

"ಗೊತ್ತು ಪಾ," ಎಂದಳು ಮಾರಿಫೆ. "ನೀನು ಹೋಗೋದು ನೋಡ್ತಾ ಇದ್ದೆ. ನನ್ನ ಪರದೆಲಿ ಕಾಣತ್ತಲ್ಲ."

ಕಪ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರ ಬೋಳುತಲೆಯ ಮೇಲೆ ಟೋಪಿಯ ಗೆರೆ ಮೂಡಿತ್ತು. ನನ್ನ ಕಡೆ ತಿರುಗಿ, "ಕೇಳಿಸ್ತಾ ದೈ? ನಿಂದೇನೂ ತಪ್ಪಿಲ್ಲ," ಎಂದರು. ಎಲ್ಲರಿಗೂ ಕೇಳುವ ಹಾಗೆ.

ಎಲ್ಲರೂ ನನ್ನನ್ನು ನೋಡಿದರು. ಈ ಸಲ ಒಳ್ಳೆಯ ಕಣ್ಣಿನಿಂದ. ತಿಯಾ ಸೀಡಿಂಗ್ ಗಲ್ಲಾಪೆಟ್ಟಿಗೆಯ ಹಿಂದಿನಿಂದ, "ನಾನು ಆಗ್ಲೇ ಅಂದ್ಕೊಂಡೆ," ಎಂದು ಸುಳ್ಳು ಹೇಳಿದಳು. ಅಲ್ಲಿಗೆ ಬಿಟ್ಟಿದ್ದರೆ ನಾನು ಒಗೆದ ಬಟ್ಟೆಯಷ್ಟು ಶುಭ್ರವಾಗಿ ಹೊರಬರುತ್ತಿದ್ದೆ. ಅದನ್ನೇ ತಡೆಯಲಾಗಲಿಲ್ಲ. ಬೈಗುಳವನ್ನು ಒಂದು ವಾರ ತಡೆದುಕೊಂಡಿದ್ದೆ, ಈ ಒಳ್ಳೆಯ ಕಣ್ಣುಗಳನ್ನು ಒಂದು ಉಸಿರಿನಷ್ಟು ಹೊತ್ತೂ ತಡೆಯಲಾಗಲಿಲ್ಲ.

ಸ್ಪೀಕರಿನ ಹತ್ತಿರ ಬಗ್ಗಿದೆ. "ಮಾರಿಫೆ, ನಂಗೆ ಗೊತ್ತಿತ್ತು."

"ಏನು?"

"ಇಂಜಿನ್ ಹಾಕಿದ ತಕ್ಷಣ ಕವಚ ಕೆಂಪಾಯ್ತು. ಆರಿಹೋಯ್ತು ಅಂತ ಗೊತ್ತಾಯ್ತು. ಹೇಳ್ಲಿಲ್ಲ."

"ಯಾಕೆ?"

"ಎಲ್ಲಾ ನೋಡ್ತಿದ್ರು."

ಹೇಳಿದಾಗ ಅದು ಎಷ್ಟು ಸಣ್ಣ ಕಾರಣ ಎಂದು ನನಗೇ ಕೇಳಿಸಿತು. ಕಪ್ ನನ್ನನ್ನು ನೋಡುತ್ತಿದ್ದರು.

"ನಾನು ಕೇಳಿದ್ನಲ್ಲ," ಎಂದರು ಮೆಲ್ಲಗೆ. "ಆ ಕೆಂಪು ಏನು ಅಂತ ನಿನ್ನನ್ನೇ ಕೇಳಿದ್ನಲ್ಲ."

"ಹ್ಞೂಂ ನೋಂಗ್."

"ನೀನು ನಕ್ಕೆ."

"ಹ್ಞೂಂ."

ಅವರು ಪರದೆಯ ಕಡೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು. ಮಾರಿಫೆಯೂ ಈ ಸಲ ಪರವಾಗಿಲ್ಲ ಎನ್ನಲಿಲ್ಲ. ಅವಳ ಕಡೆಯಿಂದ ಯಾರೋ ಪ್ಲಾಸ್ಟಿಕ್ ಚೀಲ ಬಿಚ್ಚುವ ಸದ್ದು, ಹುಡುಗಿಯರ ದೂರದ ಮಾತು ಕೇಳುತ್ತಿತ್ತು. ನಾನು ನಿಂತೇ ಇದ್ದೆ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು.

"ಸರಿ," ಎಂದಳು ಕೊನೆಗೆ. ದನಿ ಒಣಗಿತ್ತು. "ಪಾ, ಆ ಇಂಜಿನ್ ಮಾರ್ಬಿಡು. ಬಂದಿದ್ದರಲ್ಲಿ ಮೊದಲು ಕವಚ. ನಂಗೂ ಒಂದು ಚಿಕ್ಕ ಹೊಟ್ಟೆ ಹಡಗು ಆಗ್ಬಹುದು, ಇಬ್ರೂ ಒಂದೇ ಸ್ಪೀಡಲ್ಲಿ ಹೋಗೋ ಥರದ್ದು. ಮುಂದಿನ ಭಾನುವಾರ ಸಣ್ಣ ಸರಕು, ಬಂಡೆ ಜಾಗ ಬೇಡ. ಆರ್ಲಿನ್."

"ಹ್ಞೂಂ."

"ಪರದೆ ಮೇಲೆ ಏನೇನು ಬರತ್ತೋ ಅಷ್ಟೂ ಓದು. ಒಂದೊಂದು ಪದಾನೂ. ನಂಗೆ ಇಲ್ಲಿವರೆಗೆ ಕೇಳಿಸ್ಬೇಕು."

ಕಪ್ ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡರು. ನನ್ನ ಮುಖ ನೋಡಲಿಲ್ಲ. ನಾನು ಇಂಜಿನ್ ಬಿಚ್ಚುವ ಗುಂಡಿ ಒತ್ತಿದೆ. ಪರದೆಯ ನಡುವೆ ಇಂಗ್ಲಿಷಿನ ಒಂದು ಸಾಲು ಬಂತು. ಅದರ ಅರ್ಥ ನನಗೆ ಗೊತ್ತಿತ್ತು, ಎ ಇಂದ ಝಡ್ ವರೆಗೆ ಅಕ್ಷರಗಳೂ ಗೊತ್ತಿದ್ದವು. ಅವೆರಡರ ನಡುವಿನದು, ಬಾಯಲ್ಲಿ ಹೇಗೆ ಅನ್ನಬೇಕೆಂಬುದು, ಗೊತ್ತಿರಲಿಲ್ಲ. ಮೊದಲ ಪದವನ್ನು ಒಂದೊಂದೇ ಅಕ್ಷರ ಕೂಡಿಸಿ ಅಂದೆ.

"ಕೇಳಿಸ್ಲಿಲ್ಲ," ಎಂದಳು ಮಾರಿಫೆ.

ಜೋರಾಗಿ ಅಂದೆ. ತಪ್ಪಾಗಿತ್ತೇನೋ, ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ಮುಖದಿಂದ ಕುತ್ತಿಗೆಯವರೆಗೆ ಬಿಸಿ ಇಳಿಯಿತು. ಕಪ್ ತಿರುಗಿ ನೋಡಲೂ ಇಲ್ಲ, ನಕ್ಕವನನ್ನು ಗದರಿಸಲೂ ಇಲ್ಲ. ಪರದೆಯ ಮೇಲೆ, ಮುಂದಿನ ಪದದ ಕೆಳಗೆ, ಹಗ್ಗದಿಂದ ಜಡ್ಡುಗಟ್ಟಿದ ಬೆರಳನ್ನಿಟ್ಟರು.

"ಮುಂದೆ," ಎಂದರು.

ನಾನು ಓದಿದೆ.